ಬಸಲಿಂಗವ್ವನ ಹತ್ತು ನಿಮಿಷ

ಶನಿವಾರ ನಸುಕಿನಲ್ಲೇ ಹುಬ್ಬಳ್ಳಿ ಬಿಡುವುದು, ಭಾನುವಾರ ಸಂಜೆ ಮರಳುವುದು ಎಂದು ತೀರ್ಮಾನವಾಗಿತ್ತು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುವುದೂ ಸರಿ. ಉಳಿದದ್ದು ಕಾರವಾರದ ಕೊಲ್ಲಿಯನ್ನು ನೋಡುವ ಅರ್ಜಿಯೊಂದೇ. ನೋಡಿದಷ್ಟೂ ಸವೆಯುವ ಕೊಲ್ಲಿ ಅದು. ಜನ ನೋಡಿ ನೋಡಿ ಅದರ ಎದುರಿನ ಗುಡ್ಡ ಆಗಲೇ ಒಗೆದೊಗೆದು ಬಣ್ಣ ಬಿಟ್ಟ ಸೀರೆಯಂತೆ ಬಿಳಿಚಿತ್ತು. ಹೀಗಾಗಿ ದಂಡೆಯುದ್ದಕ್ಕೂ ಮರೆಗೆ ಕಟ್ಟಿದ ತಟ್ಟಿಯ ಆಚೆಗೆ ಒಂದು ಸಲಕ್ಕೆ ಒಬ್ಬರೇ, ಅದೂ ಜನ್ಮಕ್ಕೆ ಹತ್ತೇ ನಿಮಿಷ.

ಸುವರ್ಣಾ ತನ್ನ ಹೆಸರನ್ನೂ ಮಗಳು ಚಿನ್ಮಯಿಯ ಹೆಸರನ್ನೂ ಬರೆದಳು. ‘ಭೇಟಿಯ ಉದ್ದೇಶ’ ಎಂಬಲ್ಲಿ ಎಲ್ಲರಂತೆ ‘ವೀಕ್ಷಣೆ’ ಎಂದು ತುಂಬಿದಳು.

“ನನ್ನ ಹೆಸರೂ ಬರಿ,” ಎಂದಳು ಅತ್ತೆ ಬಸಲಿಂಗವ್ವ. ಆಕೆಯ ಎರಡೂ ಕಣ್ಣು ಹೋಗಿ ಆರು ವರ್ಷವಾಗಿತ್ತು.

ಸುವರ್ಣಾಳಿಗೆ ತಡೆಯಲಾಗಲಿಲ್ಲ. “ಅತ್ತಿ, ನಿಮ್ಮ ಹತ್ತು ನಿಮಿಷ ಚಿನ್ಮಯಿಗೆ ಬರಕೊಡ್ರಿ. ಮೊಮ್ಮಗಳು ಇಪ್ಪತ್ತು ನಿಮಿಷ ಸಮುದ್ರ ನೋಡ್ತಾಳ. ನೀವು ಅಲ್ಲಿ ಕುಂತು ಏನ್ ಮಾಡ್ತೀರಿ?”

“ಗಾಳಿ ತಗೋತೀನಿ.”

“ಗಾಳಿ ತಟ್ಟಿ ಈಚೆನೂ ಬರ್ತೈತ್ರಿ.”

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಾ ಅಲ್ಲಿ ಕುಂತಷ್ಟು ಹೊತ್ತು ಬ್ಯಾರೆ ಯಾರೂ ಅದನ್ನ ನೋಡಂಗಿಲ್ಲ, ಹೌದಿಲ್ಲೋ? ಅಷ್ಟು ಹೊತ್ತರೆ ಅದು ಸುಧಾರಿಸ್ಕೊಳ್ಳಲಿ ಬಿಡವಾ.”

ಸುವರ್ಣಾ ಪೆನ್ನು ಹಿಡಿದು ಮೂರನೆಯ ಸಾಲಿನಲ್ಲಿ ಅತ್ತೆಯ ಹೆಸರು ಬರೆದಳು. ಭೇಟಿಯ ಉದ್ದೇಶ: ವಿಶ್ರಾಂತಿ.

ಯಾರಿಗೆ ಎಂದು ಅರ್ಜಿಯಲ್ಲಿ ಕೇಳಿರಲಿಲ್ಲ.