ಸೊಸೆಯ ಪಿಯಾನೊ

"ಹೆಡ್‌ಫೋನ್ ಹಾಕ್ಕೊಂಡು ನುಡ್ಸು," ಎಂದ ಅನಿಲ್‌ಕುಮಾರ್. ಹೊಸಕೋಟೆಯ ಅಂಗಡಿಯಲ್ಲಿ ಡಿಜಿಟಲ್ ಪಿಯಾನೊ ಮುಂದೆ ಕೂತಿದ್ದ ಸಿಂಚನ, ಗಂಡ ಹೇಳಿದಂತೆ ಹೆಡ್‌ಫೋನ್ ಹಾಕಿಕೊಂಡಳು.

ಹೆಣ್ಣು ನೋಡಲು ಬಂದ ದಿನ ಅತ್ತೆ ಮುನಿರತ್ನಮ್ಮನೇ ಬಂದವರೆಲ್ಲರ ಮುಂದೆ ಅವಳ ಕೈಲಿ ಕೀಬೋರ್ಡ್ ನುಡಿಸಿಸಿ, ಇನ್ನೊಂದ್ ಸಲ ಅಂತ ಕೇಳಿದ್ದರು. ಮದುವೆಯಾಗಿ ಜಡಿಗೇನಹಳ್ಳಿಗೆ ಬಂದ ಮೇಲೆ ಅದೇ ಅತ್ತೆ, "ಸೊಸೆ ಮನೇಲಿ ಆರ್ಕೆಸ್ಟ್ರಾ ಇಟ್ಟವ್ಳೆ ಅಂತ ಬೀದಿಯೋರು ಆಡ್ಕೊಳ್ಳಲ್ವಾ?" ಎಂದಿದ್ದರು. ಇವತ್ತು ಬೆಳಿಗ್ಗೆ ಅನಿಲ್, "ಅಮ್ಮನ್ನ ಒಪ್ಸಿದೀನಿ, ಹೊರಡು," ಎಂದಾಗ ಸಿಂಚನಳ ಕಣ್ಣು ತುಂಬಿ ಬಂದಿತ್ತು.

ಅವಳಿಗೆ ಕಲಿಸಿದ ಮೇಡಂ ಮನೆಯ ಪಿಯಾನೊದಂತೆಯೇ ಇದರ ಕೀಗಳೂ ಒತ್ತಲು ಭಾರವಾಗಿದ್ದವು. ಕಣ್ಣು ಮುಚ್ಚಿ, ಹೆಣ್ಣು ನೋಡಿದ ದಿನ ನುಡಿಸಿದ್ದ ಹಾಡನ್ನೇ ಗಂಡನಿಗಾಗಿ ಕೊನೆಯವರೆಗೂ ನುಡಿಸಿದಳು. ಹೆಡ್‌ಫೋನ್ ತೆಗೆದು, "ಇದೇ ಇರ್ಲಿ ರೀ," ಎಂದಳು.

ಅನಿಲ್ ಮುಖ ಕಿವುಚಿದ. "ಹಾಡೇನೋ ಹೊರಗ್ ಬರ್ಲಿಲ್ಲ, ಸರಿ. ಆದ್ರೆ ನಿನ್ ಬೆರಳು ಬೀಳೋದು ಟಕಟಕ ಅಂತ ಕೇಳ್ಸುತ್ತೆ." ಆಮೇಲೆ ಅಂಗಡಿಯವನತ್ತ ತಿರುಗಿದ. "ಇಷ್ಟು ಸದ್ದೂ ಬರದೇ ಇರೋದು ತೋರ್ಸು ಗುರು."