ಎಫ್‌ಸಿಯ ಟಯರುಗಳು

ಹೊಸ ಟಯರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ನೆನಪಾಗುವುದು ಅಪ್ಪನ ಹಳೆಯ ಅಂಬಾಸಿಡರ್ ಟ್ಯಾಕ್ಸಿ.

ಗುರುವಾಯನಕೆರೆಯ ಟ್ಯಾಕ್ಸಿಯವರೆಲ್ಲ ಸೇರಿ ನಾಲ್ಕು ಹೊಸ ಟಯರು ತೆಗೆದಿಟ್ಟಿದ್ದರು. ವರ್ಷದ ಎಫ್‌ಸಿಗೆ, ಅಂದರೆ ಕಾರು ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟಿನ ತಪಾಸಣೆಗೆ, ಯಾರ ಕಾರು ಹೋಗಬೇಕೋ ಆ ದಿನದ ಮಟ್ಟಿಗೆ ಅವು ಅವರದ್ದು. ನಮ್ಮ ಕಾರು ಒಮ್ಮೆಯೂ ಫೇಲಾಗಲಿಲ್ಲ.

ಆ ಸಲ ಶಾಲೆಗೆ ರಜೆಯಿದ್ದುದರಿಂದ ಬಂಟ್ವಾಳದ ಆರ್‌ಟಿಒ ಆಫೀಸಿಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಇನ್ಸ್‌ಪೆಕ್ಟರು ಬ್ರೇಕು, ಲೈಟು, ಹಾರ್ನು ಎಲ್ಲ ನೋಡಿದರು. ಟಯರನ್ನು ಬೆರಳಿನಿಂದ ಸವರಿ, "ಹಳೇ ಕಾರಾದರೂ ಚೆನ್ನಾಗಿ ಇಟ್ಟುಕೊಂಡಿದ್ದೀರಿ" ಎಂದರು. ಅಪ್ಪ ನೆಲ ನೋಡಿದರು.

ಮಧ್ಯಾಹ್ನ ಸ್ಟ್ಯಾಂಡಿಗೆ ಮರಳಿದಾಗ ಮರುದಿನದ ಸರದಿಯ ಮೋನಪ್ಪಣ್ಣ ಜಾಕಿ ಹಿಡಿದು ಕಾಯುತ್ತಿದ್ದರು. ಹೊಸ ಟಯರುಗಳು ಅವರ ಕಾರಿಗೆ ಹೋದವು, ನಮ್ಮ ಬೋಳು ಟಯರುಗಳು ನಮಗೇ ಬಂದವು. ಮುಟ್ಟಿ ನೋಡಿದೆ. ನಮ್ಮ ಮನೆಯ ರೆಡ್‌ಆಕ್ಸೈಡ್ ನೆಲದಷ್ಟೇ ನುಣುಪು.

"ಅಪ್ಪ, ಪಾಸಾದದ್ದು ಕಾರಾ, ಟಯರಾ?"

ಮೋನಪ್ಪಣ್ಣ ಜೋರಾಗಿ ನಕ್ಕರು. "ನಿಮ್ಮ ಮಗಳನ್ನು ಇನ್ಸ್‌ಪೆಕ್ಟರ್ ಮಾಡುವ ಮಾರಾಯ್ರೆ!"

ಅಪ್ಪ ನಗಲಿಲ್ಲ. ಮನೆಗೆ ಹೊರಟಾಗ ಮಳೆ ಹನಿಯತೊಡಗಿತ್ತು. ದಾರಿಯುದ್ದಕ್ಕೂ ಪ್ರತಿ ತಿರುವಿನಲ್ಲೂ ಅವರು ಗೇರು ಹಾಕುವ ಕೈಯನ್ನು ತೆಗೆದು ನನ್ನ ಎದೆಗೆ ಅಡ್ಡ ಹಿಡಿಯುತ್ತಿದ್ದರು.