ಕಣಿವೆ ಮೊದಲೇ ಹೇಳಿದ್ದು

ಆ ಬೆಟ್ಟಸಾಲಿನಲ್ಲಿ ಯಾರಾದರೂ ಕೂಗುವ ಮುನ್ನವೇ ಅವರ ಕೂಗಿನ ಮಾರ್ದನಿ ಕೇಳಿಸುತ್ತಿತ್ತು. ಚಾರಣಿಗರಿಗೆ ಅದು ಹೊಸದಲ್ಲ. ಬೆಟ್ಟದಂಚಿನ ಕಿರುದಾರಿಯಲ್ಲಿ ಇಬ್ಬರೂ ಸಾಗುವಾಗ ಕಣಿವೆಯಿಂದ ಮೇದಿನಿಯ ದನಿ ಬಂತು: "ಅಮ್ಮಾ!"

ಹನ್ನೆರಡು ವರ್ಷದ ಮೇದಿನಿ ತುಟಿಯನ್ನೇ ತೆರೆದಿರಲಿಲ್ಲ. ಹಿಂದೆಯೇ ಬರುತ್ತಿದ್ದ ಸುನಂದೆ ಅಪ್ಪನ ಎರಡನೇ ಹೆಂಡತಿ; ಮನೆಗೆ ಬಂದಾಗಿನಿಂದ ಅವಳನ್ನು ಮೇದಿನಿ ಕರೆಯುತ್ತಿದ್ದುದು "ಆಂಟಿ" ಎಂದೇ.

"ಎಲ್ಲಾದ್ರೂ ಜಾರ್ತೀಯೇನೋ, ನಿಧಾನ ನಡಿ," ಎಂದಳು ಸುನಂದೆ, ಹೆದರಿ.

"ನಾನ್ಯಾಕೆ ಹಾಗೆ ಕೂಗ್ತೀನಿ ಆಂಟಿ?" ಮೇದಿನಿಗೆ ಕುತೂಹಲ.

ಯಾರೂ ಜಾರಲಿಲ್ಲ. ಶಿಖರದಲ್ಲಿ ಸುನಂದೆ ಸುಸ್ತಾಗಿ ಬಂಡೆಗೊರಗಿದಳು. ಮೇದಿನಿ ಬಂಡೆಯಾಚೆ ಹೋಗಿ ನಿಂತಳು. ಮೋಡ ಸರಿಯಿತು.

"ಅಮ್ಮಾ!"

ಈ ಸಲ ಕಣಿವೆ ಸುಮ್ಮನಿತ್ತು. ಸುನಂದೆ ಎದ್ದುಬಿದ್ದು ಓಡಿ ಬಂದಳು.

"ಅಲ್ನೋಡು, ಸಮುದ್ರ!" ಮೇದಿನಿ ಬೆರಳು ತೋರಿದಳು.

ಕಣ್ಣು ತುಂಬಿದ್ದ ಸುನಂದೆಗೆ ಅದು ಕಾಣಲು ಸ್ವಲ್ಪ ಹೊತ್ತು ಹಿಡಿಯಿತು.